ಒಂದೇ ನಂಬರಿನ ಹತ್ತೊಂಬತ್ತು ಓದುಗರು

ಕುರುಗೋಡಿನ ಪಾರಮ್ಮನ ಹಿಟ್ಟಿನ ಗಿರಣಿಯ ಗೋಡೆ ನೋಡಿದರೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನಿಸಬೇಕು, ಹಾಗಿತ್ತು. ಸೀಮೆಸುಣ್ಣದಲ್ಲಿ ಬರೆದ ಹತ್ತೊಂಬತ್ತು ಸಾಲು. ಒಂದೊಂದರಲ್ಲೂ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಒಂದು ನಕ್ಷತ್ರವೋ ಬಾಲವಿರುವ ಸೊನ್ನೆಯೋ. ಅದು ಮಾಟವಲ್ಲ, ಪಾಸ್‌ವರ್ಡು. ಬಳ್ಳಾರಿ ಕಂಟೋನ್ಮೆಂಟಿನ ಹಗರಿ ವಾಚನಾಲಯದವರು ತಮ್ಮ ಪುಸ್ತಕಗಳ ಪಟ್ಟಿಯನ್ನು ಆನ್‌ಲೈನಿಗೆ ಹಾಕಿ, ಕುರುಗೋಡು ಮತ್ತು ಸಿರುಗುಪ್ಪ ಶಾಖೆಯ ಓದುಗರು ಕೂತಲ್ಲಿಂದಲೇ ಪುಸ್ತಕ ಕಾಯ್ದಿರಿಸಬಹುದು ಎಂದಾಗ ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡು ಕೊಟ್ಟಿದ್ದರು. ಯಾರ ತಲೆಯಲ್ಲೂ ಅದು ಎರಡು ದಿನ ನಿಲ್ಲಲಿಲ್ಲ. ಕೊನೆಗೆ ಎಲ್ಲರದ್ದೂ ಪಾರಮ್ಮನ ಗೋಡೆ ಸೇರಿತು. ಮರೆತವರು ಬಂದು, ಗೋಡೆ ನೋಡಿ, ಹಾಗೇ ಎರಡು ಸೇರು ಜೋಳ ಬೀಸಿಸಿಕೊಂಡು ಹೋಗುತ್ತಿದ್ದರು.

ಗಿರಣಿಯ ಗೋಡೆಯೇ ಯಾಕೆ ಅಂದರೆ, ಆ ಓಣಿಯಲ್ಲಿ ಯಾರೇ ಯಾವುದೇ ಅರ್ಜಿಯಲ್ಲಿ ಫೋನ್ ನಂಬರು ಬರೆಯಬೇಕಾಗಿ ಬಂದರೂ ಪಾರಮ್ಮನ ನಂಬರು ಬರೆಯುವುದು ರೂಢಿ. ಗ್ಯಾಸಿನವನು ಫೋನು ಮಾಡುವುದು ಪಾರಮ್ಮನಿಗೆ. ಶಾಲೆಗೆ ನಾಳೆ ರಜೆ ಎಂಬ ಸಂದೇಶ ಬರುವುದು ಪಾರಮ್ಮನಿಗೆ. ಹೆಣ್ಣು ನೋಡಲು ಬರುವವರು ದಾರಿ ತಪ್ಪಿದರೆ ಕೇಳುವುದೂ ಪಾರಮ್ಮನನ್ನೇ. ಗಂಡಸರ ಫೋನು ಹೊಲಕ್ಕೆ ಹೋಗುತ್ತದೆ, ಹೆಂಗಸರ ಫೋನು ಮಕ್ಕಳ ಕೈಗೆ ಹೋಗುತ್ತದೆ. ಗಿರಣಿಯ ಫೋನು ಮಾತ್ರ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಸದಾ ಚಾರ್ಜಿಗೆ ಸಿಕ್ಕಿಸಿಕೊಂಡು ಇದ್ದಲ್ಲೇ ಇರುತ್ತದೆ. ಹೀಗಾಗಿ ಓಣಿಯ ಹತ್ತೊಂಬತ್ತು ಓದುಗರೂ ವಾಚನಾಲಯದ ಚೀಟಿಯಲ್ಲಿ ಒಂದೇ ನಂಬರು ಬರೆದಿದ್ದರು.

ಒಂದು ಬುಧವಾರ ವಾಚನಾಲಯದ ಶಾಖೆ ನೋಡಿಕೊಳ್ಳುವ ಸುಧಾರಾಣಿ ಗಿರಣಿಗೆ ಬಂದಳು. ಸೋಮವಾರ, ಬುಧವಾರ, ಶುಕ್ರವಾರ ಕುರುಗೋಡಿನ ಶಾಖೆ, ಉಳಿದ ದಿನ ಸಿರುಗುಪ್ಪದ ಶಾಖೆ, ನಡುವೆ ಇಬ್ಬರು ಮಕ್ಕಳು ಮತ್ತು ಎರಡು ಬಸ್ಸು. ಹಾಗಿತ್ತು ಅವಳ ಬದುಕು. ಕೂತುಕೊಳ್ಳದೆ ನಿಂತೇ ಹೇಳಿದಳು.

"ಯಕ್ಕ, ಆ ಗ್ವಾಡಿ ಅಳಿಸಿಬಿಡು ಇನ್ನ. ಪಾಸ್‌ವರ್ಡು ತಗದಾರ."

"ತಗದಾರ? ಮತ್ತ ಒಳಗ ಹೋಗೋದು ಹೆಂಗ?"

"ನಂಬರ್ ಒತ್ತು. ಫೋನಿಗೆ ಒಂದ್ ಮೆಸೇಜ್ ಬರತೈತಿ. ಅದರಾಗ ನೀಲಿ ಗೆರಿ ಇರತೈತಿ, ಅದನ್ನ ಒತ್ತು. ಅಷ್ಟ. ಬಾಗಲ ತಗದಂಗ ತಗೀತೈತಿ."

ಪಾರಮ್ಮ ಸೆರಗಿಗೆ ಕೈ ಒರೆಸಿಕೊಂಡು ಒತ್ತಿದಳು. ಸಂದೇಶ ಬಂತು. ನೀಲಿ ಗೆರೆ ಒತ್ತಿದಳು. ಪರದೆಯ ಮೇಲೆ ‘ನೀವು ಯಾರು?’ ಎಂದು ಮೂಡಿತು. ಅದರ ಕೆಳಗೆ ಹತ್ತೊಂಬತ್ತು ಹೆಸರು.

"ನಾನ್ಯಾರಂತ ನನ್ನ ಫೋನಿಗೇ ಗೊತ್ತಿಲ್ಲೇನು?"

"ನಿನ್ನ ನಂಬರಿನ ಮ್ಯಾಲ ಇಡೀ ಓಣಿ ಕುಂತೈತಿ. ನಿನ್ನ ಹೆಸರು ಒತ್ತು."

"ಬ್ಯಾರೇದವರ ಹೆಸರು ಒತ್ತಿದರ?"

"ಒತ್ತಬಾರದು."

"ಒತ್ತಿದರ?"

"ಯಕ್ಕ, ಒತ್ತಬಾರದು ಅಂದೆ," ಎಂದ ಸುಧಾರಾಣಿ ಬಸ್ಸಿನ ಹಾರ್ನ್ ಕೇಳಿ ಓಡಿದಳು. ಪಾರಮ್ಮನಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಮೊದಲ ವಾರ ಆಕೆ ಕೈ ಪಳಗಿಸಿಕೊಂಡಳಷ್ಟೇ. ಮಧ್ಯಾಹ್ನವೆಲ್ಲ ಇಸ್ಪೀಟಾಡುವ ಎರ್ರೆಪ್ಪನ ಹೆಸರು ಒತ್ತಿ ದುಶ್ಚಟ ಬಿಡಿಸುವ ಪುಸ್ತಕವೊಂದನ್ನು ಕಾಯ್ದಿರಿಸಿದಳು. ಹೆಂಡತಿಯ ಮುಂದೆ ಬಾಯಿ ಬಿಡದ ದೊಡ್ಡಬಸವರಾಜನ ಹೆಸರಿನಲ್ಲಿ ಧೈರ್ಯವಾಗಿ ಮಾತಾಡುವುದು ಹೇಗೆಂದು ಕಲಿಸುವ ಪುಸ್ತಕ. ಶುಕ್ರವಾರ ಬಳ್ಳಾರಿಯಿಂದ ಪುಸ್ತಕದ ಪೆಟ್ಟಿಗೆ ಬಂದಾಗ ಎರ್ರೆಪ್ಪ, ಇದು ತನ್ನ ಹೆಂಡತಿಯದೇ ಕೆಲಸ ಎಂದು ತೀರ್ಮಾನಿಸಿ ಎರಡು ದಿನ ಅವಳ ಮೇಲೆ ಮುನಿಸಿಕೊಂಡ. ದೊಡ್ಡಬಸವರಾಜ ಪುಸ್ತಕವನ್ನು ಪೂರ್ತಿ ಓದಿ, ಮನೆಗೆ ಹೋಗಿ ಧೈರ್ಯವಾಗಿ ಮಾತಾಡಿ, ಮುಂದಿನ ಎರಡು ದಿನ ಗಿರಣಿಯ ಕಟ್ಟೆಯ ಮೇಲೆ ಊಟ ಮಾಡಿದ.

ಆದರೆ ಪಾರಮ್ಮನಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ ಪುಸ್ತಕ. ನಾಗಲಾಂಬೆಯ ಕಾದಂಬರಿಯ ಎರಡನೆಯ ಭಾಗ.

ಮೊದಲ ಭಾಗವನ್ನು ಆಕೆ ಓದಿ ಮುಗಿಸಿ ಹತ್ತು ವಾರವಾಗಿತ್ತು. ಓದಿದ್ದು ಒಬ್ಬಳೇ ಅಲ್ಲ. ಮಧ್ಯಾಹ್ನ ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಬೀಸಿಸಲು ಬಂದವರು ಜೋಳದ ಚೀಲದ ಮೇಲೆ ಕೂರುತ್ತಾರೆ; ಪಾರಮ್ಮ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಕನ್ನಡಕ ಒರೆಸಿಕೊಂಡು, ಗಟ್ಟಿಯಾಗಿ ಓದುತ್ತಾಳೆ. ಕರೆಂಟು ಬೇಗ ಬಂದರೆ ಜನಕ್ಕೆ ಬೇಜಾರಾಗುತ್ತಿತ್ತು, ಅಷ್ಟರ ಮಟ್ಟಿಗೆ ಆ ಕಥೆ ಹಿಡಿದಿತ್ತು. ನಾಗಲಾಂಬೆ ಎಂಬ ಒಂಟಿ ಹೆಂಗಸು ಒಂದು ಹಸಿರು ಕಬ್ಬಿಣದ ಟ್ರಂಕು ಹೊತ್ತುಕೊಂಡು ಊರಿಂದೂರಿಗೆ ಹೋಗುತ್ತಾಳೆ. ನಾನೂರು ಪುಟ ಯಾರಿಗೂ ಅದರ ಬೀಗ ಮುಟ್ಟಲು ಬಿಡುವುದಿಲ್ಲ. ಕೊನೆಗೆ ಗುಂತಕಲ್ಲು ಜಂಕ್ಷನ್ನಿನಲ್ಲಿ ಇಳಿಯುತ್ತಾಳೆ, ಸ್ಟೇಷನ್ ಮಾಸ್ತರನ ಎದುರಿಗೇ ಪೊಲೀಸಿನವನೊಬ್ಬ ಲಾಠಿಯ ತುದಿಯಿಂದ ಟ್ರಂಕು ತಟ್ಟಿ "ತೆಗಿ" ಅನ್ನುತ್ತಾನೆ. ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ.

ಟ್ರಂಕಿನಲ್ಲಿ ಏನಿದೆ? ಎರ್ರೆಪ್ಪನ ಪ್ರಕಾರ ಹೆಣ. ದೊಡ್ಡಬಸವರಾಜನ ಪ್ರಕಾರ ಬಂಗಾರ. ಹೊಸದಾಗಿ ಮದುವೆಯಾಗಿ ಬಂದಿದ್ದ ಶಶಿರೇಖಾ ಯಾರೋ ಬರೆದ ಕಾಗದಗಳಿರಬೇಕು ಎಂದು ಹೇಳಿ ಕೆಂಪಾಗಿದ್ದಳು. ಪಾರಮ್ಮನಿಗೆ ಮಾತ್ರ ಏನೂ ಹೊಳೆದಿರಲಿಲ್ಲ. ಹೊಳೆಯದ ಕಾರಣಕ್ಕೇ ಊಟ ರುಚಿಸುತ್ತಿರಲಿಲ್ಲ.

ಎರಡನೆಯ ಭಾಗ ಮೂರೂ ಕಡೆ ಸೇರಿ ಒಂದೇ ಒಂದು ಪ್ರತಿ ಇತ್ತು. ಅದು ಹತ್ತು ವಾರದಿಂದ ಚಿದಾನಂದಪ್ಪ ಮಾಸ್ತರರ ಮನೆಯಲ್ಲಿತ್ತು.

ಮಾಸ್ತರರು ನಿವೃತ್ತರಾಗಿ ಹನ್ನೆರಡು ವರ್ಷ. ವಾಚನಾಲಯದ ಸಮಿತಿಯಲ್ಲಿದ್ದಾರೆ, ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ಕೂರಿಸಿ ಪುಸ್ತಕದ ಪುಟದ ಕಿವಿ ಮಡಚುವುದು ಎಂಥ ಪಾಪ ಎಂದು ಮುಕ್ಕಾಲು ತಾಸು ಹೇಳುತ್ತಾರೆ. ಪಾರಮ್ಮ ಆರನೆಯ ತರಗತಿಯಲ್ಲಿದ್ದಾಗ ಗಣಿತದ ಪುಸ್ತಕದೊಳಗೆ ಕಥೆಯ ವಾರಪತ್ರಿಕೆ ಇಟ್ಟುಕೊಂಡು ಸಿಕ್ಕಿಬಿದ್ದದ್ದು ಇವರ ಕೈಗೇ. ಬೆಂಚಿನ ಮೇಲೆ ನಿಲ್ಲಿಸಿ, "ಹಿಂಗ ಕಥಿ ಓದಿಕೋತ ಹೋಗು, ಮುಂದ ಗಿರಣಿ ತಿರುಗಸ್ತಿ" ಅಂದಿದ್ದರು. ಗಿರಣಿ ಹಾಕಿದ ದಿನ ಪಾರಮ್ಮ ಮೊದಲ ಹಿಟ್ಟನ್ನು ಅವರ ಮನೆಗೇ ಕಳಿಸಿದ್ದಳು. ಕಥೆ ಓದುವುದನ್ನೂ ಬಿಟ್ಟಿಲ್ಲ ಎಂದು ಹೇಳಿ ಕಳಿಸಿದ್ದಳು.

ವಾಚನಾಲಯದ ನಿಯಮ ಸರಳ. ಪುಸ್ತಕ ಎರಡು ವಾರ ಇಟ್ಟುಕೊಳ್ಳಬಹುದು. ಬೇರೆ ಯಾರೂ ಕಾಯ್ದಿರಿಸದಿದ್ದರೆ ಅವಧಿ ಮುಂದುವರಿಸಬಹುದು, ಕಾಯ್ದಿರಿಸಿದ್ದರೆ ತಂದುಕೊಡಲೇಬೇಕು. ಪಾರಮ್ಮ ಕಾಯ್ದಿರಿಸಿದಳು. ಎರಡು ವಾರ ಕಳೆಯಿತು, ಪುಸ್ತಕ ಬರಲಿಲ್ಲ. ನೋಡಿದರೆ ಆಕೆ ಕಾಯ್ದಿರಿಸಿದ್ದೇ ಇಲ್ಲ ಅನ್ನುತ್ತದೆ ಫೋನು. ಮತ್ತೆ ಕಾಯ್ದಿರಿಸಿದಳು. ಮತ್ತೆ ಮಾಯ. ಮೂರನೆಯ ಸಲವೂ ಅದೇ. "ನೀನ ಏನೋ ಒತ್ತಿರಬೇಕು ಬಿಡಕ್ಕ, ಕೈಯಾಗ ಹಿಟ್ಟು ಇರತಾವ," ಎಂದಳು ಸುಧಾರಾಣಿ.

ಗುಟ್ಟು ಹೊರಬಿದ್ದದ್ದು ಮಾಸ್ತರರ ಹೆಂಡತಿ ಮಾರೆಮ್ಮನ ಬಾಯಿಂದ. ಒಂದು ಸೋಮವಾರ ಆಕೆ ಬರಿಗೈಯಲ್ಲಿ ಗಿರಣಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನವ್ವ ಪಾರಮ್ಮ, ನಮ್ಮ ಮಾಸ್ತರಿಗೆ ಏನ್ ಮದ್ದು ಹಾಕೀದಿ?"

"ಯಾಕ ಚಿಗವ್ವ, ಏನಾತು?"

"ವಾರಕ್ಕ ಮೂರ್ ಸಲ ಗಿರಣಿಗೆ ಬರತಾರ. ಮನ್ಯಾಗ ಇರೋರು ಇಬ್ಬರು. ಅದರಾಗ ಒಬ್ಬರಿಗೆ ಹಲ್ಲಿಲ್ಲ. ಡಬ್ಬಿ ತುಂಬೈತಿ, ಕೊಡ ತುಂಬೈತಿ, ನಿನ್ನೆ ಕುಕ್ಕರಿನಾಗ ಹಿಟ್ಟು ಹಾಕಿಟ್ಟೀನಿ. ಈ ವಯಸ್ಸಿನಾಗ ನಿನ್ನ ಮಾರಿ ನೋಡಾಕ ಬರತಾರ ಅನ್ನೂಣಂದರ ನಿನ್ನ ಮಾರಿ ಮ್ಯಾಲ ಬರೇ ಹಿಟ್ಟಾ ಇರತೈತಿ!"

ಜೋಳದ ಚೀಲದ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪಾರಮ್ಮ ನಗಲಿಲ್ಲ. ಆಕೆಗೆ ಮಾಸ್ತರರು ಗಿರಣಿಯಲ್ಲಿ ಕೂರುವ ಜಾಗ ನೆನಪಾಯಿತು. ಎಲ್ಲರೂ ಬಾಗಿಲ ಕಟ್ಟೆಯ ಮೇಲೆ ಕೂತರೆ ಮಾಸ್ತರರು ಮಾತ್ರ ಒಳಗೆ, ಚಾರ್ಜಿಗೆ ಸಿಕ್ಕಿಸಿದ ಫೋನಿನ ಪಕ್ಕದ ಸ್ಟೂಲಿನ ಮೇಲೆ. "ಪಾರಮ್ಮ, ನನ್ನ ಪುಸ್ತಕದ ಅವಧಿ ಸ್ವಲ್ಪ ಮುಂದ ಹಾಕ್ಕೊಂತೀನವ್ವ," ಎಂದು ಫೋನು ಎತ್ತಿಕೊಳ್ಳುತ್ತಿದ್ದರು. ಸ್ವಂತ ಫೋನಿಟ್ಟುಕೊಳ್ಳುವುದು ವಿದ್ಯಾವಂತನ ಲಕ್ಷಣವಲ್ಲ ಎಂಬುದು ಅವರ ಮತ. ಪಾರಮ್ಮ ಗಿರಣಿಯ ಬಾಯಿಗೆ ಜೋಳ ಸುರಿಯುತ್ತ "ಹಾಕ್ಕೋರಿ ಮಾಸ್ತರ" ಎಂದು ಇಷ್ಟು ದಿನ ಹೇಳುತ್ತಲೇ ಬಂದಿದ್ದಳು.

ಮಾರೆಮ್ಮ ಹೋದ ಮೇಲೆ ಆಕೆ ಕೂತು ಸಂದೇಶಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿದಳು. ಹತ್ತೊಂಬತ್ತು ಜನರ ಸಂದೇಶದ ರಾಶಿಯಲ್ಲಿ ಮೂರು ಕಡೆ ಒಂದೇ ಮಾತು ಇತ್ತು: ‘ಪಾರಮ್ಮ ಅವರೇ, ನಿಮ್ಮ ಕೋರಿಕೆಯಂತೆ ನೀವು ಕಾಯ್ದಿರಿಸಿದ ಪುಸ್ತಕವನ್ನು ರದ್ದು ಮಾಡಲಾಗಿದೆ.’ ಮೂರೂ ಬೆಳಗಿನ ಹನ್ನೊಂದರ ಸುಮಾರಿಗೆ. ಮೂರೂ ಸಲ, ಎರಡು ನಿಮಿಷದ ನಂತರ: ‘ಚಿದಾನಂದಪ್ಪ ಅವರೇ, ನಿಮ್ಮ ಅವಧಿಯನ್ನು ಮುಂದುವರಿಸಲಾಗಿದೆ.’ ಉಳಿದ ಸಲ ಜೋಳ ಹೊತ್ತು ಬಂದದ್ದು, ಆಕೆ ಮತ್ತೆ ಕಾಯ್ದಿರಿಸಿದ್ದಾಳೋ ಎಂದು ನೋಡಿಹೋಗಲು.

"ಎಲಾ ಮಾಸ್ತರ!" ಎಂದಳು ಪಾರಮ್ಮ. ತನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ತನ್ನದೇ ಹೆಸರು ಒತ್ತಿ ಒಳಗೆ ಹೋಗಿದ್ದಾನೆ! ಎರ್ರೆಪ್ಪನ ಹೆಸರು, ದೊಡ್ಡಬಸವರಾಜನ ಹೆಸರು ತಾನೂ ಒತ್ತಿದ್ದು ಆ ಹೊತ್ತಿಗೆ ಆಕೆಗೆ ಪೂರ್ತಿ ಮರೆತುಹೋಗಿತ್ತು.

ಜಗಳ ಆಡಿ ಪ್ರಯೋಜನವಿಲ್ಲ, ಮಾಸ್ತರರು ಮಾತಿನಲ್ಲಿ ಸೋಲುವವರಲ್ಲ. ಪಾರಮ್ಮ ಅಂದು ಮಧ್ಯಾಹ್ನ ಫೋನು ಹಿಡಿದು ಕೂತಳು. ನಂಬರು ಒತ್ತು, ಸಂದೇಶ ಬರಲಿ, ನೀಲಿ ಗೆರೆ ಒತ್ತು, ಹೆಸರು ಒತ್ತು, ಪುಸ್ತಕ ಕಾಯ್ದಿರಿಸು. ಮತ್ತೆ ನಂಬರು ಒತ್ತು. ಮಾಸ್ತರರನ್ನು ಬಿಟ್ಟು ಹದಿನೆಂಟು ಹೆಸರು. ಫೋನು ಹದಿನೆಂಟು ಸಲ ಟಿಣ್ ಅಂದಿತು. ಒಂದು ಹೆಸರನ್ನಾದರೆ ಅಳಿಸಬಹುದು, ಓಣಿಯನ್ನೇ ಅಳಿಸಲಿ ನೋಡೋಣ. ಈ ಶುಕ್ರವಾರ ಮಾಸ್ತರರ ಅವಧಿ ಮುಗಿಯುತ್ತಿತ್ತು.

ಬುಧವಾರ ಹನ್ನೊಂದಕ್ಕೆ ಸರಿಯಾಗಿ ಮಾಸ್ತರರು ಬಂದರು. ಕೈಯಲ್ಲಿ ಎರಡು ಸೇರು ಜೋಳ.

"ಚೊಲೊ ಸಣ್ಣಗ ಬೀಸವ್ವ. ಮಾರೆಮ್ಮ ದಪ್ಪ ಆತು ಅಂತಾಳ."

"ಕುಂದರ್ರಿ ಮಾಸ್ತರ."

ಗಿರಣಿ ಗುಡುಗಿತು. ಪಾರಮ್ಮ ಜೋಳ ಸುರಿಯುತ್ತ ಓರೆಗಣ್ಣಿನಲ್ಲಿ ನೋಡಿದಳು. ಮಾಸ್ತರರು ಪಾರಮ್ಮನ ಹೆಸರು ಒತ್ತಿ ರದ್ದು ಮಾಡಿದರು. ತಮ್ಮ ಹೆಸರಿಗೆ ಹೋದರು. ಅಲ್ಲಿ ಏನು ಕಂಡಿತೋ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅವರ ಬೆರಳು ಓಡತೊಡಗಿತು. ಶಶಿರೇಖಾ ಹೋದಳು. ಎರ್ರೆಪ್ಪ ಹೋದ. ಪಾರಮ್ಮ ಜೋಳವನ್ನು ಒಂದೇ ಸಲಕ್ಕೆ ಸುರಿದು, ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸಿದಳು.

"ಆತ್ರಿ ಮಾಸ್ತರ, ತಗೋರಿ."

ಮಾಸ್ತರರು ತಲೆ ಎತ್ತದೆ ಹಿಟ್ಟಿಗೆ ಎರಡು ಬೆರಳು ಅದ್ದಿದರು. "ದಪ್ಪ ಐತಲ್ಲವ್ವ. ಇನ್ನೊಂದ್ ಸಲ ಹಾಕು."

ಹಾಕಿದಳು. ದೊಡ್ಡಬಸವರಾಜ ಹೋದ. ಹಂಪೇಶ ಹೋದ.

"ಆತ್ರಿ."

"ಇನ್ನೂ ಸ್ವಲ್ಪ ತರಿ ತರಿ ಐತಿ ನೋಡು. ಇನ್ನೊಂದ್ ಸಲ."

"ಮಾಸ್ತರ, ಇದನ್ನ ರೊಟ್ಟಿ ಮಾಡತೀರೋ ಮಾರಿಗೆ ಹಚ್ಚಿಕೊಂತೀರೋ?"

"ನೀ ಹಾಕವ್ವ ಸುಮ್ನ!"

ಮೂರನೆಯ ಸಲ ಬೀಸಿದಾಗ ಹಿಟ್ಟು ಹೊಗೆಯಾಗಿ ಮೇಲೆದ್ದಿತು. ಬಾಗಿಲಲ್ಲಿ ಕೂತವರು ಸೀನತೊಡಗಿದರು. ಮಾಸ್ತರರ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ, ಬೆರಳಿನ ಹಿಟ್ಟಿಗೆ ಫೋನಿನ ಗಾಜು ಜಾರುತ್ತಿತ್ತು. ಹನ್ನೊಂದು ಹೆಸರಾಗಿತ್ತು. ಹನ್ನೆರಡನೆಯ ಹೆಸರಿಗೆ ಸಂದೇಶ ಬರಲೇ ಇಲ್ಲ, ಕರೆಂಟು ಹೋಗಿ ಟವರೂ ಮಲಗಿಬಿಟ್ಟಿತ್ತು. ಪಾರಮ್ಮ ಮೆಲ್ಲಗೆ ಬಂದು ಫೋನು ತೆಗೆದುಕೊಂಡಳು.

"ಬಾಳ ಹೊತ್ತಾತ್ರಿ, ಅವಧಿ ಮುಂದ ಹೋಗಲಿಲ್ಲೇನು?"

ಮಾಸ್ತರರು ಡಬ್ಬಿ ಎತ್ತಿಕೊಂಡು ಹೊರಟರು. ಅವರ ಮುಖ ನೋಡಿ ಪಾರಮ್ಮನಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಮುಖ ಬೆಂಚಿನ ಮೇಲೆ ನಿಂತ ಹುಡುಗನ ಮುಖದ ಹಾಗಿತ್ತು.

ಅಂದು ಸಂಜೆ ಬಸ್ಸು ಹತ್ತುವ ಮುಂಚೆ ಸುಧಾರಾಣಿ ಓಡುತ್ತ ಬಂದಳು. "ಯಕ್ಕ, ಏನ್ ಮಾಡೀರಿ ನೀವೆಲ್ಲ? ಒಂದ್ ಪುಸ್ತಕಕ್ಕ ಹದಿನೆಂಟ್ ಮಂದಿ ಕಾಯ್ದಿರಿಸ್ಯಾರ, ಇವತ್ತ್ ಹನ್ನೊಂದ್ ಮಂದಿ ರದ್ದು ಮಾಡ್ಯಾರ, ಎಲ್ಲಾ ಅರ್ಧ ತಾಸಿನಾಗ. ಬಳ್ಳಾರಿಯಿಂದ ಸಮ್ರಾಟ್ ಸರ್ ಫೋನ್ ಮಾಡಿದ್ರು. ಈ ಪಾಸ್‌ವರ್ಡ್ ಇಲ್ಲದ್ದು ಮಾಡಿದವರ ಅವರು. ಶುಕ್ರವಾರ ಅವರ ಬರತಾರಂತ, ಓದುಗರನ್ನ ನೋಡಬೇಕಂತ. ಆ ಪುಸ್ತಕಾನೂ ಅವತ್ತ ವಾಪಸ್ ಬರಬೇಕು."

ಪಾರಮ್ಮ ಗುರುವಾರ ಗಿರಣಿಗೆ ಬೀಗ ಹಾಕಿ ಮಾಸ್ತರರ ಮನೆಗೆ ಹೋದಳು. ಪುಸ್ತಕ ಕೊಡದಿದ್ದರೆ ಕಿತ್ತುಕೊಂಡೇ ಬರುವುದು ಎಂದುಕೊಂಡು ಹೋದಳು. ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಮಾಸ್ತರರು ಬಗ್ಗಿ ಕೂತಿದ್ದರು. ಸುತ್ತ ಹರಿದು ಮುದುಡಿದ ಕಾಗದ. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ನೀಲಿ ಮಸಿಯ ಪೆನ್ನು. ಆಕೆಯನ್ನು ನೋಡಿ ಸಿಕ್ಕಿಬಿದ್ದವರ ಹಾಗೆ ಮೇಲೆ ಟವೆಲು ಎಳೆದುಕೊಂಡರು.

"ಕೊಡ್ರಿ ಇಲ್ಲಿ," ಎಂದಳು ಪಾರಮ್ಮ.

ಕೊಟ್ಟರು. ಆಕೆ ನೇರ ಕೊನೆಯ ಪುಟಕ್ಕೆ ಹೋದಳು. ಕೊನೆಯ ಪುಟವೇ ಇರಲಿಲ್ಲ. ಮುನ್ನೂರ ಎಂಬತ್ತನೆಯ ಪುಟದ ನಂತರ ಹಲ್ಲಿನ ಗುರುತಿನ ಅರ್ಧಚಂದ್ರ, ಆಮೇಲೆ ಬರೀ ರಟ್ಟು.

"ಆಡು," ಎಂದಳು ಮಾರೆಮ್ಮ ಅಡುಗೆಮನೆಯಿಂದಲೇ. "ಎರಡು ತಿಂಗಳಾತು. ಹೊರಸಿನ ಮ್ಯಾಲ ಬಿಟ್ಟು ಮುಖ ತೊಳ್ಯಾಕ ಹೋಗಿದ್ರು. ಹದಿನಾರು ಪುಟ ತಿಂತು. ಜೀರ್ಣನೂ ಆತು."

"ನೀ ಸುಮ್ನಿರ!" ಎಂದರು ಮಾಸ್ತರರು. ಆಮೇಲೆ ದನಿ ಇಳಿಸಿ, "ಬಳ್ಳಾರ್ಯಾಗ ಎಲ್ಲಾ ಅಂಗಡಿ ಕೇಳಿದೆ ಪಾರಮ್ಮ, ಎಲ್ಲೂ ಇಲ್ಲ. ಸಮಿತಿಯವ ನಾನು. ಮಕ್ಕಳ ಮುಂದ ಏನಂತ ಹೇಳಲಿ? ಅದಕ್ಕ ನಾನಾ ಬರದು ಅಂಟಿಸಿಬಿಡೂಣಂತ…"

ಪಾರಮ್ಮನಿಗೆ ಅವರ ಮಾನ ಮರ್ಯಾದೆ ಯಾವುದೂ ಕಿವಿಗೆ ಬೀಳಲಿಲ್ಲ. "ಅದು ಹೋಗಲಿ. ಟ್ರಂಕಿನಾಗ ಏನಿತ್ತು? ಅದನ್ನ ಹೇಳ್ರಿ."

ಮಾಸ್ತರರು ನೆಲ ನೋಡಿದರು. "ಅಲ್ಲಿತನಾ ನಾನೂ ಓದಿದ್ದಿಲ್ಲವ್ವ. ಮುನ್ನೂರ ಎಂಬತ್ತು ಪುಟ ಬರೇ ಆಕಿ ಹಿಂದಿನ ಕಥಿ ಐತಿ. ಬೀಗಕ್ಕ ಕೀಲಿ ಹಾಕ್ಯಾಳ ಅನ್ನೋ ಪುಟದಾಗ ಎದ್ದು ಹೋಗಿದ್ದೆ."

ಪಾರಮ್ಮ ಹೊರಸಿನ ತುದಿಯಲ್ಲಿ ಕೂತಳು. ಹತ್ತು ವಾರ! ಟ್ರಂಕಿನ ಗುಟ್ಟು ಹಿತ್ತಲಿನಲ್ಲಿ ಮೆಲುಕು ಹಾಕುತ್ತ ನಿಂತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮುದುಡಿದ ಕಾಗದವೊಂದನ್ನು ಬಿಡಿಸಿ ಓದಿದಳು. ಮಾಸ್ತರರ ಅಕ್ಷರ ಅಚ್ಚಿನ ಹಾಗಿತ್ತು. ನಾಗಲಾಂಬೆ ಟ್ರಂಕು ತೆರೆಯುತ್ತಾಳೆ, ಒಳಗೆ ಪಠ್ಯಪುಸ್ತಕಗಳು, ಆಕೆ ಶಿಕ್ಷಕಿಯಾಗುತ್ತಾಳೆ. ಇನ್ನೊಂದು ಕಾಗದದಲ್ಲಿ ಟ್ರಂಕಿನ ತುಂಬ ಸ್ಲೇಟುಗಳು, ಅಲ್ಲೂ ಶಿಕ್ಷಕಿ. ಮೂರನೆಯದರಲ್ಲಿ ಮುಖ್ಯೋಪಾಧ್ಯಾಯಿನಿ.

"ಥೂ ಇವರ! ಎಲ್ಲಾರನ್ನೂ ಸಾಲಿಗೆ ಹಚ್ಚತೀರಲ್ರಿ! ಮೊದಲ ಭಾಗದಾಗ ಆಕಿ ಒಂದ್ ಸಲನಾರ ಯಾರಿಗಾದರೂ ಬುದ್ಧಿ ಹೇಳ್ಯಾಳೇನು?"

"ಹಂಗಾರ ನೀನ ಹೇಳು, ಏನಿರತೈತಿ?" ಎಂದರು ಮಾಸ್ತರರು ಕೆರಳಿ.

 ಪಾರಮ್ಮನಿಗೆ ಗಂಡ ಸತ್ತ ವರ್ಷ ತಾನು ಒಬ್ಬಳೇ ಗಿರಣಿಯ ಬಾಗಿಲು ತೆರೆದದ್ದು ನೆನಪಾಯಿತು. ಗಲ್ಲಾ ಪೆಟ್ಟಿಗೆಯಲ್ಲಿ ಆಗ ಏನೂ ಇರಲಿಲ್ಲ, ಆದರೂ ಬಂದವರ ಮುಂದೆ ದಿನಾ ಅದಕ್ಕೆ ದೊಡ್ಡ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

"ಏನೂ ಇಲ್ರಿ," ಎಂದಳು.

"ಏನು?"

"ಟ್ರಂಕು ಖಾಲಿ ಐತಿ. ಒಂಟಿ ಹೆಂಗಸು ಬರಿಗೈಲೆ ಬಂದರ ಮಂದಿ ಯಾರಾಕಿ, ಎಲ್ಲಿಂದ ಓಡಿ ಬಂದಾಳ ಅಂತಾರ. ಬೀಗ ಹಾಕಿದ ಟ್ರಂಕ್ ಇದ್ದರ ಏನೋ ಐತಿ ಈಕಿ ಹತ್ರ ಅಂತ ಕುಂದ್ರಾಕ ಮಣಿ ಹಾಕತಾರ. ಅದಕ್ಕ ಹೊತ್ತಾಳ. ಪೊಲೀಸಿನವ ತಗದು ನೋಡತಾನ, ಖಾಲಿ. ಆಕಿ ಅವನಿಗೆ ಅಂತಾಳ: ಮುಚ್ಚು, ಒಳಗಿನದು ಎಲ್ಲಾ ಹೋಗಿಬಿಡತೈತಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.  ಮಾಸ್ತರರು ಹೊಸ ಕಾಗದ ಎಳೆದುಕೊಂಡು, "ನಿಧಾನ ಹೇಳು," ಎಂದರು. ಸಂಜೆಯವರೆಗೆ ಆಕೆ ಹೇಳಿದಳು, ಅವರು ಬರೆದರು. ಪೊಲೀಸಿನವನ ಬಾಯಿಗೆ ಒಂದೆರಡು ಬೈಗುಳ ಮಾರೆಮ್ಮ ಹಾಕಿದಳು. ಸಾವಿರಾರು ಮಕ್ಕಳ ಪ್ರಬಂಧ ತಿದ್ದಿದ ಮನುಷ್ಯ ಅಂದು ಒಂದು ಮಾತನ್ನೂ ತಿದ್ದಲಿಲ್ಲ. ಹದಿನಾರು ಪುಟ ಮುಗಿದಾಗ ಅಂಟು ಸಾಲದೆ ಬಂದು, ಮನೆಯಲ್ಲಿ ಹೇಗೂ ರಾಶಿ ಬಿದ್ದಿದ್ದ ಹಿಟ್ಟಿನಿಂದಲೇ ಮಾರೆಮ್ಮ ಗಂಜಿ ಕಾಯಿಸಿ ಕೊಟ್ಟಳು.

ಶುಕ್ರವಾರ ಗಡಿಬಿಡಿಯಲ್ಲಿದ್ದ ಸುಧಾರಾಣಿ ಮಾಸ್ತರರು ತಂದುಕೊಟ್ಟ ಪುಸ್ತಕವನ್ನು ತೆರೆದು ನೋಡದೆ ತನ್ನ ಚೀಲಕ್ಕೆ ಹಾಕಿಕೊಂಡಳು. ಸಮ್ರಾಟ್ ಕಾರಿನಲ್ಲಿ ಬಂದ. ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ಗಿರಣಿಯ ಮುಂದೆ ಸೇರಿದ ಜನವನ್ನೆಲ್ಲ ನೋಡಿ, ಇವರು ನಿಜವಾದ ಓದುಗರೋ ಫೋನಿನೊಳಗೆ ಮಾತ್ರ ಇರುವವರೋ ಎಂದು ಪರೀಕ್ಷಿಸುವವನ ಹಾಗೆ ಎರ್ರೆಪ್ಪನನ್ನು ಕೇಳಿದ:

"ನೀವು ಈ ಕಾದಂಬರಿಯ ಎರಡನೇ ಭಾಗ ಕಾಯ್ದಿರಿಸಿದ್ದೀರಾ?"

 ಎರ್ರೆಪ್ಪನಿಗೆ ಕಾಯ್ದಿರಿಸಿದ್ದೇನೂ ಗೊತ್ತಿರಲಿಲ್ಲ. ಆದರೆ ಅವನು ಸಮ್ರಾಟನ ತೋಳು ಹಿಡಿದೇಬಿಟ್ಟ.

"ಟ್ರಂಕಿನಾಗ ಹೆಣ ಐತೋ ಇಲ್ಲೋ ಸರ? ಅಷ್ಟ ಹೇಳಿ ಹೋಗ್ರಿ. ಪಂತ ಕಟ್ಟೀನಿ."

"ಬಂಗಾರ ಐತ್ರಿ!" ಎಂದ ದೊಡ್ಡಬಸವರಾಜ ಹಿಂದಿನಿಂದ. ಶಶಿರೇಖಾ ಏನೋ ಹೇಳಹೋಗಿ ನಾಚಿ ಸುಮ್ಮನಾದಳು. ಸಮ್ರಾಟನ ಮುಖ ಅರಳಿತು. ಅವನು ಕಾರಿನಿಂದ ಕಟ್ಟು ತೆಗೆದ. ಹದಿನೆಂಟು ಜನರ ಬೇಡಿಕೆ ಕಂಡು ಸೋಮವಾರವೇ ಪ್ರಕಾಶಕರಿಗೆ ಬರೆದು, ಅವರ ಗೋದಾಮಿನ ಮೂಲೆಯಲ್ಲಿ ಉಳಿದಿದ್ದ ಮೂರು ಪ್ರತಿ ತರಿಸಿದ್ದ. ಒಂದನ್ನು ಪಾರಮ್ಮನ ಕೈಗೆ ಕೊಟ್ಟು, ಇನ್ನು ಮುಂದೆ ಎಲ್ಲರೂ ಅವರವರ ನಂಬರು ಕೊಡಬೇಕು ಎಂದು ನಯವಾಗಿ ಹೇಳಿದ. ಎಲ್ಲರೂ ಆಗಲಿ ಎಂದು ತಲೆಯಾಡಿಸಿದರು, ಯಾರೂ ಕೊಡಲಿಲ್ಲ.

ಕಾರು ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಜನ ಚೀಲದ ಮೇಲೆ ಕೂತರು. ಮಾಸ್ತರರೂ ಕೂತರು. ನಡುವಿನದನ್ನು ಆಮೇಲೆ ಓದಿದರಾಯಿತು ಎಂದು ಪಾರಮ್ಮ ಮುನ್ನೂರ ಎಂಬತ್ತನೆಯ ಪುಟ ತೆರೆದಳು.  

ಟ್ರಂಕಿನಲ್ಲಿ ಸೀರೆಗಳಿದ್ದವು. ಸತ್ತ ತಾಯಿಯ ರೇಷ್ಮೆ ಸೀರೆಗಳು, ಮೇಲೊಂದು ಭಾವಚಿತ್ರ. ಪೊಲೀಸಿನವನು ಕಣ್ಣೊರೆಸಿಕೊಳ್ಳುತ್ತಾನೆ. ನಾಗಲಾಂಬೆ ಅದರಲ್ಲೊಂದು ಸೀರೆ ಉಟ್ಟು ಸ್ಟೇಷನ್ ಮಾಸ್ತರನನ್ನು ಮದುವೆಯಾಗುತ್ತಾಳೆ. ಶುಭಂ.

 ಪಾರಮ್ಮ ಪುಟ ತಿರುವಿ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದಳು.

"ಇಷ್ಟೇನಾ?" ಎಂದ ಎರ್ರೆಪ್ಪ.

"ಸೀರಿ ಸಲುವಾಗಿ ಎಂಟುನೂರು ಪುಟ ಹೊತ್ತಳೇನು?" ಎಂದಳು ಶಶಿರೇಖಾ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಪಾರಮ್ಮ ಪುಸ್ತಕ ಮುಚ್ಚಿ ಮಾಸ್ತರರ ಕಡೆ ನೋಡಿದಳು. ಮಾಸ್ತರರು ಮೀಸೆಯ ಕೆಳಗೆ ನಗುವನ್ನು ಒತ್ತಿ ಹಿಡಿದಿದ್ದರು. "ಇನ್ನೊಂದು ಪ್ರತಿಯೊಳಗ ಬ್ಯಾರೇನ ಐತಂತ," ಎಂದಳು ಆಕೆ ಯಾರಿಗೂ ಅಲ್ಲದ ಹಾಗೆ. "ಹೇಳ್ಲೇನು?" ಕರೆಂಟು ಬಂದು ಮುಕ್ಕಾಲು ತಾಸಾದರೂ ಅಂದು ಗಿರಣಿ ತಿರುಗಲಿಲ್ಲ.

ಮಂಗಳವಾರ ಸಿರುಗುಪ್ಪದಿಂದ ಸುಧಾರಾಣಿಯ ಫೋನು ಬಂತು. ಆ ಹೊತ್ತಿಗೆ ಗಿರಣಿಯಲ್ಲಿದ್ದವರು ಇಬ್ಬರೇ, ಪಾರಮ್ಮ ಮತ್ತು ಮಾಸ್ತರರು. ಮಾಸ್ತರರು ಬರಿಗೈಯಲ್ಲಿ ಬಂದಿದ್ದರು. ಮನೆಯ ಹಿಟ್ಟು ಖಾಲಿಯಾಗುವವರೆಗೆ ಜೋಳ ಮುಟ್ಟಬಾರದು ಎಂದು ಮಾರೆಮ್ಮನ ಅಪ್ಪಣೆಯಾಗಿತ್ತು.

"ಯಕ್ಕ, ಹೊಸಾ ಪ್ರತಿ ಬಂದಾವಲ್ಲ, ಆ ಹಳೇದನ್ನ ಪಟ್ಟಿಯಿಂದ ತಗದು ಹಾಕೂಣಂತ ಬಸ್ಸಿನಾಗ ತಗದು ನೋಡಿದೆ. ಓದಿಕೋತ ಕುಂತು ನನ್ನ ಸ್ಟಾಪು ದಾಟಿ ಹೋದೆ ನೋಡು! ಇಲ್ಲಿ ನಮ್ಮ ಹೆಣ್ಮಕ್ಕಳಿಗೆ ಹೇಳಿದೆ, ಈಗ ಏಳು ಮಂದಿ ಅದಾ ಬೇಕು ಅಂತ ಸಾಲು ಹಚ್ಯಾರ. ಹೊಸಾದು ಕೊಟ್ಟರ ಬ್ಯಾಡ ಅಂತಾರ. ಖರೆ ಹೇಳು, ಆ ಹದಿನಾರು ಪುಟ ಯಾರು ಬರದಾರ?"

ಪಾರಮ್ಮ ಫೋನಿಗೆ ಅಂಗೈ ಮುಚ್ಚಿ, "ಕೇಳಾಕತ್ಯಾಳ್ರಿ, ಹೇಳ್ಲೇನು?" ಎಂದಳು. ಮಾಸ್ತರರು ಎರಡೂ ಕೈ ಜೋರಾಗಿ ಆಡಿಸಿದರು.

"ಯಾರು ಬರೀತಾರವ್ವ?" ಎಂದಳು ಪಾರಮ್ಮ ಫೋನಿನಲ್ಲಿ. "ಅಚ್ಚಿನಾಗ ಹಂಗಾ ಬಂದಿರಬೇಕು."

"ನೀಲಿ ಮಸಿಯಾಗ?"

"ಹೂಂ. ಹಳೇ ಕಾಲದ ಪ್ರೆಸ್ಸು."

ಆ ಕಡೆಯಿಂದ ನಗು ಬಂತು, ಜೊತೆಗೆ ಇನ್ನೂ ನಾಲ್ಕಾರು ಹೆಂಗಸರ ನಗು. ಫೋನಿನ ದನಿ ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು ಸುಧಾರಾಣಿ. ಅವರಲ್ಲೊಬ್ಬಳು ಕೂಗಿದಳು: "ಯಕ್ಕ, ಆ ಪ್ರೆಸ್ಸಿನವರಿಗೆ ಹೇಳು, ಸ್ಟೇಷನ್ ಮಾಸ್ತರನ್ನ ಏನ್ ಮಾಡಿದ್ರಂತ? ಅವನ ಸುದ್ದೀನ ಇಲ್ಲಲ್ಲ!"

ಪಾರಮ್ಮ ಮಾಸ್ತರರನ್ನು ನೋಡಿದಳು. ಮಾಸ್ತರರು ಆಗಲೇ ಜೇಬಿನಿಂದ ಪೆನ್ನು ತೆಗೆದು, ಬರೆಯಲು ಕಾಗದಕ್ಕಾಗಿ ಗಿರಣಿಯ ಸುತ್ತ ಕಣ್ಣಾಡಿಸುತ್ತಿದ್ದರು.